ಶಾಲಾ ನಾಯಕತ್ವ: ಹೊಣೆ ಊರಿಗೆ ಬಂದ ಮೇಲೆ

ಶಿಕ್ಷಣ ಇಲಾಖೆಯ ತರಬೇತಿಗಳಲ್ಲಿ ಮೇಲಿಂದ ಮೇಲೆ ಕೇಳಿಬರುವ ‘ಶಾಲಾ ನಾಯಕತ್ವ’ ಎಂಬ ಮಾತನ್ನು ನಮ್ಮ ರಾಯಚೂರು ಸೀಮೆಯಲ್ಲಿ ಅನೇಕರು ಹೆಡ್‌ಮಾಸ್ತರಿಕೆ ಎಂದೇ ತಿಳಿಯುತ್ತಾರೆ. ಹೆಡ್‌ಮಾಸ್ತರಿಕೆ ಬಡ್ತಿಯಿಂದಲೋ ಪ್ರಭಾರದ ಆದೇಶದಿಂದಲೋ ಒಂದೇ ದಿನದಲ್ಲಿ ಬರುವ ಹುದ್ದೆ. ಶಾಲಾ ನಾಯಕತ್ವವಾದರೋ ಮುಖ್ಯ ಗುರುಗಳು, ಸಹಶಿಕ್ಷಕರು ಮತ್ತು ಪಾಲಕರು ಕೂಡಿ ಮಕ್ಕಳ ಕಲಿಕೆಯ ಹೊಣೆ ಹೊತ್ತು, ಅದಕ್ಕೆ ಬೇಕಾದ ನಿರ್ಧಾರಗಳನ್ನು ಶಾಲೆಯಲ್ಲೇ ಕೈಗೊಳ್ಳುವ ಸಾಮರ್ಥ್ಯ.

ಈ ಸಾಮರ್ಥ್ಯದ ಪ್ರಶ್ನೆ ವಿಕೇಂದ್ರೀಕರಣದ ಜೊತೆಗೇ ಬಂದದ್ದು. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಾಥಮಿಕ ಶಿಕ್ಷಣದ ಹೊಣೆಯನ್ನು ಪಂಚಾಯಿತಿಗಳಿಗೂ ಹಂಚಿತು. 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಎಂದರೆ ಎಲ್ಲರ ಬಾಯಲ್ಲಿರುವ ಎಸ್‌ಡಿಎಂಸಿ, ಹುಟ್ಟಿತು. ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೂ ಅರ್ಧದಷ್ಟು ಮಹಿಳೆಯರೂ ಇರಬೇಕು, ಶಾಲೆಯ ಅಭಿವೃದ್ಧಿ ಯೋಜನೆಯನ್ನು ಸಮಿತಿಯೇ ರೂಪಿಸಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ವಿಧಿಸಿತು. ಶಿಕ್ಷಕರ ನೇಮಕಾತಿ, ವರ್ಗಾವಣೆಯ ನಿಯಮಗಳು, ಪಠ್ಯಕ್ರಮ ಮಾತ್ರ ರಾಜ್ಯದ ಕೈಯಲ್ಲೇ ಉಳಿದವು. ಊರಿಗೆ ಇಳಿದು ಬಂದದ್ದರಲ್ಲಿ ಅಧಿಕಾರಕ್ಕಿಂತ ಹೊಣೆಯ ಪಾಲೇ ದೊಡ್ಡದೆಂಬುದು ನನ್ನ ಎಣಿಕೆ.

ದಸರೆ ಕಳೆದು ಹತ್ತಿ ಬಿಡಿಸುವ ಹಂಗಾಮು ಬಂತೆಂದರೆ ಹಾಜರಿ ಪುಸ್ತಕದಲ್ಲಿ ಮೇಲಿನ ತರಗತಿಗಳ ಹೆಸರುಗಳ ಮುಂದೆ ಗೈರು ಸಾಲುಗಟ್ಟುತ್ತದೆ. ಪ್ರಭಾರ ಹೊತ್ತ ಗುರುಗಳು ಮೊದಲ ವರ್ಷ ಆ ಸಂಖ್ಯೆಯನ್ನು ಸಿಆರ್‌ಪಿಗೆ, ಎಂದರೆ ಸುತ್ತಲಿನ ಕೆಲವು ಶಾಲೆಗಳ ಕ್ಲಸ್ಟರ್ ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿಗೆ, ವರದಿ ಮಾಡಿ ಸುಮ್ಮನಾಗಬಹುದು. ಮರುವರ್ಷ ಅದೇ ಪುಸ್ತಕವನ್ನು ಸಮಿತಿಯ ಸಭೆಯಲ್ಲಿ ತೆರೆದಿಟ್ಟರೆ, ಹೆಬ್ಬೆಟ್ಟು ಒತ್ತಿ ಹೋಗಲೆಂದು ಬಂದ ತಾಯಿಯೊಬ್ಬರು, “ನಮ್ಮ ಹುಡುಗಿ ಸಣ್ಣ ಕೂಸು ಹಿಡಕೊಂಡು ಮನ್ಯಾಗ ಕುಂತಾಳ್ರೀ ಸರ, ಅಂಗನವಾಡಿ ಲಗೂ ತೆಗದ್ರ ಸಾಲಿಗೆ ಬರ್ತಾಳ” ಎನ್ನಬಹುದು. ಹೊಲದಲ್ಲಿದೆ ಎಂದುಕೊಂಡಿದ್ದ ತೊಡಕಿನ ಒಂದು ಎಳೆ ಅಂಗನವಾಡಿಯ ವೇಳೆಯಲ್ಲಿರುವುದು ಆಗ ತಿಳಿಯುತ್ತದೆ, ಕಾರ್ಯಕರ್ತೆಯೊಡನೆಯೂ ಪಂಚಾಯಿತಿ ಸದಸ್ಯರೊಡನೆಯೂ ಮಾತಾಡುವ ಕೆಲಸ ಗುರುಗಳ ಹಾಗೂ ಸಮಿತಿಯ ಅಧ್ಯಕ್ಷರ ಮೇಲೆ ಬೀಳುತ್ತದೆ. ನಾಯಕತ್ವ ಬೆಳೆಯುವುದು ಇಂಥಲ್ಲಿಯೇ.

ಯರಮರಸ್‌ನ ಡಯಟ್‌ನಲ್ಲಿ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ), ಕ್ಲಸ್ಟರ್ ಸಮಾಲೋಚನಾ ಸಭೆಗಳಲ್ಲಿ ಸಿಗುವ ತರಬೇತಿಗೆ ಅದರದೇ ಬೆಲೆಯಿದೆ. ಆದರೆ ತರಬೇತಿ ಪಡೆದ ಗುರುಗಳು ವರ್ಗವಾಗುತ್ತಾರೆ; ಅಧ್ಯಕ್ಷರು ಸುಗ್ಗಿ ಮುಗಿಯುತ್ತಲೇ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಆ ಶಾಲೆಯಲ್ಲಿ ನಾಯಕತ್ವ ಎಷ್ಟು ಬೆಳೆದಿದೆ ಎಂಬುದು, ಹೆಬ್ಬೆಟ್ಟು ಒತ್ತಲು ಬಂದಿದ್ದ ಆ ತಾಯಿ ಮುಂದಿನ ಸಭೆಯನ್ನು ತಾವೇ ಕರೆಯಬಲ್ಲರೇ ಎಂಬುದರಲ್ಲಿ ಕಾಣುತ್ತದೆ.