ಕುದುರೆ ನಿಂತರೂ ಗಡಿಯಾರ ನಿಲ್ಲಲ್ಲ

ವಿಜಯಪುರದ ಗೋಳಗುಮ್ಮಟದ ಹತ್ತಿರ ಗಿರಾಕಿಗಾಗಿ ಸುಮ್ನೆ ನಿಂತಿರುವ ಟಾಂಗಾ ಕುದುರೆಯ ಎದೆ ನಿಮಿಷಕ್ಕೆ 28ರಿಂದ 44 ಸಲ ಬಡಿಯುತ್ತದೆ. ನಮ್ಮದಕ್ಕಿಂತ ನಿಧಾನ. ಜಾತ್ರೆಯ ಗಾಡಿ ಓಟದಲ್ಲಿ ಪೂರ್ತಿ ದಮ್ಮು ಕಟ್ಟಿ ಓಡುವಾಗ ಅದು 200 ದಾಟಬಹುದು. ಯಾವ ಗಾಡಿ ಮೊದಲು ಬಂತು ಅಂತ ಎಲ್ಲರೂ ನೋಡುತ್ತೇವೆ. ಬಂದ ಮೇಲೆ ಬಡಿತ ಎಷ್ಟು ಬೇಗ ಇಳಿಯಿತು ಅಂತ ಯಾರು ನೋಡುತ್ತಾರೆ?

ಅದನ್ನೇ ನೋಡುವ ಸ್ಪರ್ಧೆಯೂ ಇದೆ: ಎಂಡ್ಯೂರೆನ್ಸ್ ರೈಡಿಂಗ್. ದೊಡ್ಡ ಸ್ಪರ್ಧೆಯಲ್ಲಿ ಒಂದೇ ದಿನ 160 ಕಿ.ಮೀ. ಸವಾರಿ. ಹೆಚ್ಚುಕಡಿಮೆ ವಿಜಯಪುರದಿಂದ ಬಾಗಲಕೋಟೆಗೆ ಹೋಗಿ ಬಂದಷ್ಟು. ದಾರಿಯನ್ನು ಸುತ್ತುಗಳಾಗಿ ಹಂಚಿರುತ್ತಾರೆ. ಪ್ರತಿ ಸುತ್ತಿನ ಕೊನೆಗೆ ಪಶುವೈದ್ಯರ ತಪಾಸಣೆ. ಎಫ್‌ಇಐ (ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ) ನಿಯಮದ ಪ್ರಕಾರ ಬಂದ 15 ನಿಮಿಷದೊಳಗೆ ಬಡಿತ 64ಕ್ಕೆ ಇಳಿಯಬೇಕು. ಕೊನೆಯ ಸುತ್ತಾದರೆ 20 ನಿಮಿಷ. ಇಳಿಯದಿದ್ದರೆ ಕುದುರೆ ಸ್ಪರ್ಧೆಯಿಂದ ಹೊರಗೆ. ನಡುವಿನ ಸುತ್ತುಗಳಲ್ಲಿ ಇನ್ನೊಂದು ಬಿಗಿ ಇದೆ. ಕುದುರೆಯನ್ನು ತಪಾಸಣೆಗೆ ಒಪ್ಪಿಸುವವರೆಗೂ ಸವಾರಿಯ ಸಮಯ ಓಡುತ್ತಲೇ ಇರುತ್ತದೆ. ಹಾಗಾಗಿ ಸುತ್ತಿನ ಕೊನೆಯ ಒಂದೆರಡು ಕಿ.ಮೀ. ನಿಧಾನವಾಗಿ ಬಂದವನೇ ಎಷ್ಟೋ ಸಲ ಮುಂದಿರುತ್ತಾನೆ.

ಬಡಿತ ಯಾಕೆ ಇಳಿಯುವುದಿಲ್ಲ? ನೋವು, ಸುಸ್ತು, ಗಾಬರಿ ಯಾವುದೂ ಕಾರಣವಾಗಬಹುದು. ಆದರೆ ನಮ್ಮ ಕಡೆಯ ಬಿಸಿಲಲ್ಲಿ ಮೊದಲು ಅನುಮಾನಪಡಬೇಕಾದದ್ದು ಕಾವು ಮತ್ತು ನೀರಿನ ಕೊರತೆ. ಸ್ನಾಯು ಖರ್ಚು ಮಾಡುವ ಶಕ್ತಿಯಲ್ಲಿ ಬಹುಪಾಲು ಶಾಖವಾಗಿ ಹೋಗುತ್ತದೆ. ಆ ಶಾಖವನ್ನು ರಕ್ತ ಚರ್ಮದವರೆಗೆ ಹೊತ್ತು ತರಬೇಕು. ಓಟ ನಿಂತರೂ ಹೃದಯಕ್ಕೆ ಈ ಕೆಲಸ ಬಾಕಿ ಇರುತ್ತದೆ. ಬೆವರಿ ರಕ್ತದ ನೀರು ಕಡಿಮೆಯಾದರಂತೂ ಅಷ್ಟೇ ಕೆಲಸಕ್ಕೆ ಜಾಸ್ತಿ ಬಡಿಯಬೇಕು. ಇನ್ನೊಂದು ತೊಂದರೆ: ಕುದುರೆಯ ಬೆವರು ಅದರ ರಕ್ತಕ್ಕಿಂತ ಉಪ್ಪು. ನೀರಿನ ಜೊತೆ ಉಪ್ಪೂ ಹೋಗುವುದರಿಂದ ರಕ್ತ ಗಟ್ಟಿಯಾದ ಸುಳಿವು ಮಿದುಳಿಗೆ ಸರಿಯಾಗಿ ಸಿಗುವುದಿಲ್ಲ, ಬಾಯಾರಿಕೆಯೂ ಆಗುವುದಿಲ್ಲ. ಬಕೆಟ್ ಮುಂದಿಟ್ಟರೂ ಮೂಸಿ ಮುಖ ತಿರುಗಿಸಿದ ಕುದುರೆಗೆ ನೀರು ಬೇಡ ಅಂತ ತಿಳಿಯಬಾರದು. ಮೈಮೇಲೆ ಮತ್ತೆ ಮತ್ತೆ ನೀರು ಸುರಿಯುವುದು, ಉಪ್ಪಿನಂಶ ಕೊಡುವುದು ಇದಕ್ಕೇ.

64 ಅನ್ನುವ ಒಂದೇ ಅಂಕಿಯನ್ನು ವೈದ್ಯರು ನಂಬಿ ಕೂರುವುದಿಲ್ಲ. ಬಡಿತ ಎಣಿಸಿ, ಕುದುರೆಯನ್ನು ಸುಮಾರು 40 ಮೀಟರ್ ದುಡುಕಿಯಲ್ಲಿ (ಕುದುರೆಯ ಹಗುರ ಓಟ) ಓಡಿಸಿ, ವಾಪಸ್ ತರಿಸುತ್ತಾರೆ. ಓಟ ಶುರುವಾಗಿ ಸರಿಯಾಗಿ ಒಂದು ನಿಮಿಷಕ್ಕೆ ಮತ್ತೆ ಎಣಿಕೆ. ಎರಡು ಕುದುರೆಗಳೂ ಮೊದಲು 60 ತೋರಿಸಿದವು ಅನ್ನಿ. ಒಂದು ನಿಮಿಷದ ಮೇಲೆ ಒಂದರದ್ದು 56, ಇನ್ನೊಂದರದ್ದು 72. ಎರಡನೆಯದು ಹೇಗೋ ತಡೆದುಕೊಂಡು ನಿಂತಿತ್ತು, ಅಷ್ಟೇ. ನನಗೆ ಇಡೀ ಸ್ಪರ್ಧೆಯಲ್ಲಿ ತುಂಬ ಜಾಣತನದ್ದು ಅನ್ನಿಸುವುದು ಈ ಪುಟ್ಟ ಪರೀಕ್ಷೆಯೇ. ಖರ್ಚಿಲ್ಲ, ಯಂತ್ರವೂ ಬೇಕಿಲ್ಲ.

ಗಾಡಿ ಓಟಕ್ಕೂ ಟಾಂಗಾಕ್ಕೂ ಇದು ಆಗುತ್ತದೆ, ಅಲ್ವಾ? ಕುದುರೆಯ ಕೆಳದವಡೆಯ ಒಳಅಂಚಿನಲ್ಲಿ ಬೆರಳಿಗೆ ನಾಡಿ ಸಿಗುತ್ತದೆ. 15 ಸೆಕೆಂಡಿಗೆ 16 ಬಂದರೆ ನಿಮಿಷಕ್ಕೆ 64. ಸ್ಟೆತಸ್ಕೋಪ್ ಇದ್ದರೆ ಎಡ ಮುಂಗಾಲಿನ ಮೊಣಕೈ ಹಿಂದೆ ಇಡಿ. ಅಲ್ಲಿ ಕೇಳುವ ಜೋಡಿ ಸದ್ದನ್ನು ಒಂದೇ ಬಡಿತ ಅಂತ ಲೆಕ್ಕ ಹಿಡಿಯಬೇಕು. ಮುಟ್ಟುವ ಮುಂಚೆ ಮಾಲೀಕರನ್ನು ಕೇಳಿ, ಹಿಂದಿನಿಂದ ಮಾತ್ರ ಹೋಗಬೇಡಿ.