ವಿಸ್ತೀರ್ಣದ ಲೆಕ್ಕದಲ್ಲಿ ಎರಡು ಉತ್ತರ ಬಂದರೆ ಯಾವುದನ್ನು ಬಿಡಬೇಕು?

ಪ್ರಶ್ನೆ: ವರ್ಗ ಸಮೀಕರಣ ಬಿಡಿಸಿದಾಗ ಎರಡು ಉತ್ತರ ಬರುತ್ತವೆ. ಉದ್ದ-ಅಗಲ ಕೇಳುವ ಲೆಕ್ಕಗಳಲ್ಲಿ ಋಣ ಉತ್ತರ ಬಿಟ್ಟು ಧನ ಉತ್ತರ ಬರೆದರೆ ಸಾಕಲ್ಲವೇ? ಎರಡೂ ಧನವೇ ಆಗಿದ್ದರೆ ಏನು ಮಾಡುವುದು?

ಉತ್ತರ: "ಋಣ ಬಂದರೆ ಬಿಡು" ಎನ್ನುವುದು ಬಹಳಷ್ಟು ಲೆಕ್ಕಗಳಲ್ಲಿ ನಡೆದುಹೋಗುತ್ತದೆ. ಆದರೆ ಅದು ನಿಯಮವಲ್ಲ, ಅಡ್ಡದಾರಿ. ಎಲ್ಲಿ ಕೈಕೊಡುತ್ತದೆ ಎಂದು ತಿಳಿಯಬೇಕಾದರೆ, ಮೊದಲು ಅದು ಸಲೀಸಾಗಿ ನಡೆಯುವ ಲೆಕ್ಕವೊಂದನ್ನು ನೋಡೋಣ.

ಅಗಲಕ್ಕಿಂತ ಉದ್ದ 5 ಮೀಟರ್ ಹೆಚ್ಚಿರುವ ಒಂದು ಆಯತ, ವಿಸ್ತೀರ್ಣ 84 ಚದರ ಮೀಟರ್. ಅಗಲವನ್ನು 'ಅ' ಎಂದುಕೊಂಡರೆ ಅ(ಅ + 5) = 84, ಅಂದರೆ ಅ² + 5ಅ − 84 = 0. ಅಪವರ್ತಿಸಿದರೆ (ಅ − 7)(ಅ + 12) = 0. ಮೂಲಗಳು 7 ಮತ್ತು −12. ಅಗಲ 7, ಉದ್ದ 12, ಲೆಕ್ಕ ಮುಗಿಯಿತು. ಆದರೂ ಆ −12 ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿಕೊಳ್ಳಿ. ಅದನ್ನೇ ಹಾಕಿದರೆ ಅ + 5 ಎಂಬುದು −7 ಆಗುತ್ತದೆ, (−12) × (−7) ಕೂಡ 84ನೇ. ಅಂದರೆ ಅದೇ ಆಯತ, ಚಿಹ್ನೆ ಮಾತ್ರ ಬೇರೆ. ಸಮೀಕರಣಕ್ಕೆ ಗೊತ್ತಿರುವುದು ಗುಣಲಬ್ಧ 84 ಆಗಬೇಕು ಎಂಬುದಷ್ಟೇ. ನಾವು ಅಳೆಯುತ್ತಿರುವುದು ನೆಲ ಎಂದು ಅದಕ್ಕೆ ಯಾರೂ ಹೇಳಿಲ್ಲ.

ಸುಮಾರು 3,800 ವರ್ಷಗಳ ಹಿಂದಿನ ಬ್ಯಾಬಿಲೋನಿಯದ ಲೆಕ್ಕಿಗರಿಗೆ ಈ ಗೊಡವೆಯೇ ಇರಲಿಲ್ಲ. ಇಂಥ ಲೆಕ್ಕಕ್ಕೆ ಅವರ ಜೇಡಿಮಣ್ಣಿನ ಹಲಗೆಗಳಲ್ಲಿರುವ ದಾರಿ ಹೀಗೆ: ವ್ಯತ್ಯಾಸದ ಅರ್ಧ 2.5, ಅದರ ವರ್ಗ 6.25, ಅದನ್ನು 84ಕ್ಕೆ ಕೂಡಿದರೆ 90.25, ಅದರ ವರ್ಗಮೂಲ 9.5. ಅದಕ್ಕೆ 2.5 ಕೂಡಿದರೆ ಉದ್ದ 12, ಕಳೆದರೆ ಅಗಲ 7. ಎರಡು ಬಾಹುಗಳೂ ನೇರವಾಗಿ ಕೈಗೆ ಬಂದವು, ಋಣ ಸಂಖ್ಯೆ ಸುಳಿಯಲೇ ಇಲ್ಲ. ವರ್ಗಪೂರ್ಣಗೊಳಿಸುವ ವಿಧಾನ ಎಂದು ನಾವು ಕಲಿಯುವುದು ಇದನ್ನೇ.

ಈಗ ಅಡ್ಡದಾರಿ ಕೈಕೊಡುವ ಲೆಕ್ಕ. 20 ಮೀಟರ್ ಉದ್ದ, 12 ಮೀಟರ್ ಅಗಲದ ಜಾಗ. ಅಂಚಿನ ಒಳಗೇ ನಾಲ್ಕೂ ಬದಿ ಒಂದೇ ಅಗಲದ ಕಾಲುದಾರಿ ಬಿಟ್ಟು ನಡುವೆ 128 ಚದರ ಮೀಟರ್ ಹುಲ್ಲುಹಾಸು ಉಳಿಯಬೇಕು. ದಾರಿ ಎಷ್ಟು ಅಗಲ ಇರಬೇಕು? ದಾರಿ ಎರಡು ಕಡೆಯಿಂದಲೂ ಜಾಗ ತಿನ್ನುವುದರಿಂದ (20 − 2ಅ)(12 − 2ಅ) = 128. ಇಲ್ಲಿ 2ಅ ಬದಲು ಬರೀ ಅ ಬರೆದುಬಿಡುವವರು ಬಹಳ. ಒಂದು ಚಿತ್ರ ಬರೆದುಕೊಂಡರೆ ಆ ತಪ್ಪು ಆಗುವುದಿಲ್ಲ. ಬಿಡಿಸಿ 4ರಿಂದ ಭಾಗಿಸಿದರೆ ಅ² − 16ಅ + 28 = 0. ಮೂಲಗಳು 2 ಮತ್ತು 14. ಎರಡೂ ಧನ!

2 ಹಾಕಿದರೆ ಹುಲ್ಲುಹಾಸು 16 × 8, ಸರಿಯಾಗಿ 128. ಹಾಗಾದರೆ 14? ಇಡೀ ಜಾಗವೇ 12 ಮೀಟರ್ ಅಗಲವಿರುವಾಗ 14 ಮೀಟರ್ ದಾರಿ ಎಲ್ಲಿ ಹಿಡಿಸೀತು? ಆದರೂ ತಾಳೆ ನೋಡಿದರೆ (−8) × (−16) = 128 ಎಂದು ಸರಿಯಾಗಿಯೇ ಕೂತುಬಿಡುತ್ತದೆ. ಋಣ ಇಲ್ಲಿ ಉತ್ತರದಲ್ಲಿಲ್ಲ, ಉತ್ತರದಿಂದ ಹುಟ್ಟುವ ಉದ್ದ-ಅಗಲಗಳಲ್ಲಿ ಅಡಗಿದೆ. ಹಾಗಾಗಿ ಬರೀ ಗುಣಲಬ್ಧವನ್ನು ತಾಳೆ ನೋಡಿದರೆ ಸಾಲದು, ಒಂದೊಂದು ಬಾಹುವನ್ನೂ ಬಿಡಿಯಾಗಿ ನೋಡಬೇಕು.

ಇದೇ ಬಗೆಯ ಸಿಕ್ಕು ಭಾಸ್ಕರಾಚಾರ್ಯರ ಬೀಜಗಣಿತದಲ್ಲೂ ಇದೆ, 12ನೇ ಶತಮಾನದ ಕೃತಿ. ಕಪಿಗಳ ಹಿಂಡಿನ ಐದನೇ ಒಂದು ಭಾಗದಿಂದ 3 ಕಳೆದು ವರ್ಗ ಮಾಡಿದಷ್ಟು ಕಪಿಗಳು ಗವಿಗೆ ಹೋದವು, ಒಂದು ಮಾತ್ರ ಕಾಣುತ್ತಿದೆ, ಒಟ್ಟು ಎಷ್ಟು? ಉತ್ತರ 50 ಅಥವಾ 5. ಅವರು 5ನ್ನು ಒಪ್ಪುವುದಿಲ್ಲ. 5ರ ಐದನೇ ಒಂದು ಭಾಗ 1, ಅದರಿಂದ 3 ಕಳೆದರೆ ಋಣ ಸಂಖ್ಯೆ, ಅದನ್ನು ಲೋಕ ನಂಬುವುದಿಲ್ಲ ಎಂಬುದು ಅವರ ಕಾರಣ.

ಆದ್ದರಿಂದ ನಾನು ಹೇಳುವುದಿಷ್ಟು: ಸಮೀಕರಣ ಬಿಡಿಸುವ ಮೊದಲೇ 'ಅ' ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂದು ಪಕ್ಕದಲ್ಲಿ ಬರೆದಿಡಿ. ಕಾಲುದಾರಿಯ ಲೆಕ್ಕದಲ್ಲಿ 0ಗಿಂತ ಹೆಚ್ಚು, 6ಕ್ಕಿಂತ ಕಡಿಮೆ. ಆಮೇಲೆ 14 ಬಂದರೆ ಯೋಚಿಸುವ ಪ್ರಮೇಯವೇ ಇಲ್ಲ.

ಎರಡೂ ಉತ್ತರ ಒಪ್ಪಬೇಕಾದ ಲೆಕ್ಕಗಳೂ ಉಂಟು. 40 ಮೀಟರ್ ಬೇಲಿ ಇದೆ, ಒಂದು ಬದಿಗೆ ಗೋಡೆ. ಉಳಿದ ಮೂರು ಬದಿಗೆ ಬೇಲಿ ಹಾಕಿ 150 ಚದರ ಮೀಟರ್ ಆವರಿಸಬೇಕು. ಗೋಡೆಯಿಂದ ಹೊರಡುವ ಬದಿ 'ಅ' ಆದರೆ ಅ(40 − 2ಅ) = 150, ಅ² − 20ಅ + 75 = 0. ಮೂಲಗಳು 5 ಮತ್ತು 15; ಆಯತ 5 × 30 ಆದೀತು, 15 × 10 ಕೂಡ ಆದೀತು. ಎರಡೂ ನಿಜವಾದ ಆಯತಗಳೇ. ಗೋಡೆ 20 ಮೀಟರ್ ಮಾತ್ರ ಇದ್ದರೆ ಮೊದಲನೆಯದು ಬಿದ್ದುಹೋಗುತ್ತದೆ. ಲೆಕ್ಕದಲ್ಲಿ ಗೋಡೆಯ ಉದ್ದ ಕೊಟ್ಟಿಲ್ಲದಿದ್ದರೆ ಎರಡನ್ನೂ ಬರೆಯಿರಿ.

ಅಷ್ಟೇ ಬೇಲಿಯಲ್ಲಿ 210 ಚದರ ಮೀಟರ್ ಬೇಕೆಂದರೆ? ಅ² − 20ಅ + 105 = 0. ಶೋಧಕ (ಸೂತ್ರದಲ್ಲಿ ವರ್ಗಮೂಲದ ಚಿಹ್ನೆಯೊಳಗೆ ಬರುವ ಸಂಖ್ಯೆ) 400 − 420, ಅಂದರೆ −20. ವಾಸ್ತವ ಮೂಲವೇ ಇಲ್ಲ. ಲೆಕ್ಕ ತಪ್ಪಾಯಿತೆಂದು ಗಾಬರಿಯಾಗಬೇಡಿ. ಅಷ್ಟು ಬೇಲಿಗೆ ಅಷ್ಟು ಜಾಗ ದಕ್ಕುವುದಿಲ್ಲ ಎಂಬುದೇ ಇಲ್ಲಿ ಉತ್ತರ. 10 × 20 ಅಳತೆಯಲ್ಲಿ ಸಿಗುವ 200 ಚದರ ಮೀಟರೇ ಗರಿಷ್ಠ.

ಇನ್ನೊಂದು ಮಾತು, ಪಠ್ಯದ ಲೆಕ್ಕಗಳಲ್ಲಿ ಎದುರಾಗುವುದು ಅಪರೂಪ. ಅದೇ ಬೇಲಿಯಿಂದ 180 ಚದರ ಮೀಟರ್ ಕೇಳಿದರೆ ಮೂಲಗಳು ಸುಮಾರು 6.84 ಮತ್ತು 13.16. ಒಂದು ದಶಮಾಂಶಕ್ಕೆ ಎಂದಿನಂತೆ ದುಂಡಾಗಿಸಿದರೆ 6.8 ಮತ್ತು 13.2. ಗುಣಿಸಿ ನೋಡಿ, ಎರಡರಲ್ಲೂ ಸಿಗುವುದು 179.52. ಕನಿಷ್ಠ 180 ಬೇಕೇಬೇಕು ಎಂದಾದರೆ 6.9 ಅಥವಾ 13.1 ತೆಗೆದುಕೊಳ್ಳಬೇಕು, ಆಗ 180.78 ಸಿಗುತ್ತದೆ.