ಪದ ಪರಿಚಯ: ಪರ್ಸೆಂಟೈಲ್

‘ನೀಟ್‌ಗೆ 50 ಪರ್ಸೆಂಟ್ ಬೇಕಂತೆ. ನನಗೆ ಮಾಕ್ ಟೆಸ್ಟಲ್ಲಿ 300 ದಾಟ್ತಾ ಇಲ್ಲ. ಮೆಡಿಕಲ್ ಆಸೆ ಬಿಟ್ಟ ಹಾಗೇ.’ ಪಿಯು ಮಕ್ಕಳ ಬಾಯಲ್ಲಿ ಈ ಮಾತು ಪ್ರತಿ ವರ್ಷ ಬರುತ್ತದೆ. ಮಕ್ಕಳನ್ನು ಬಿಡಿ, ಅವರಿಗೆ ಭಯ. ಆದರೆ ದೊಡ್ಡವರೂ ‘ಶೇ. 50 ಅಂಕ ಕಡ್ಡಾಯ’ ಎಂದು ಬರೆದು ಊರೆಲ್ಲ ಫಾರ್ವರ್ಡ್ ಮಾಡಿದರೆ ಹೇಗೆ? ನೀಟ್‌ನಲ್ಲಿ ಸಾಮಾನ್ಯ ವರ್ಗಕ್ಕೆ ಬೇಕಾಗಿರುವುದು 50ನೇ ಪರ್ಸೆಂಟೈಲ್. 720ಕ್ಕೆ 360 ಅಲ್ಲ. 2025ರಲ್ಲಿ ಅದು 144 ಅಂಕಕ್ಕೆ ಬಂದು ನಿಂತಿತ್ತು. ಲೆಕ್ಕ ಹಾಕಿ ನೋಡಿ, ಬರೀ ಶೇ. 20. 180 ಪ್ರಶ್ನೆಗಳಲ್ಲಿ 36ಕ್ಕೆ ಸರಿ ಉತ್ತರ ಬರೆದು, ಉಳಿದದ್ದನ್ನು ಮುಟ್ಟದೆ ಬಂದರೂ 144 ಆಗುತ್ತದೆ.

ಪರ್ಸೆಂಟ್ ನಿಮ್ಮ ಉತ್ತರ ನೋಡಿ ಹೇಳುವ ಮಾತು. ಪರ್ಸೆಂಟೈಲ್ ಬೇರೆಯವರ ಉತ್ತರವನ್ನೂ ನೋಡಿ ನಿಮ್ಮ ಬಗ್ಗೆ ಹೇಳುವ ಮಾತು. ನೂರು ಜನರಲ್ಲಿ ಎಷ್ಟು ಜನ ನಿಮಗಿಂತ ಕಡಿಮೆ ತೆಗೆದಿದ್ದಾರೆ? ಅಷ್ಟೇ ಅದರ ಅರ್ಥ.

ಈ ಗೊಂದಲಕ್ಕೆ ಪದದ ಹುಟ್ಟೂ ಸ್ವಲ್ಪ ಕಾರಣ. ಲ್ಯಾಟಿನ್ನಿನ ‘ಪರ್ ಸೆಂಟಮ್’ ಅಂದರೆ ನೂರಕ್ಕೆ ಇಷ್ಟು. ನಮ್ಮ ‘ಶೇಕಡಾ’ ಕೂಡ ಅದೇ ಜಾತಿಯದು, ಮರಾಠಿಯಲ್ಲಿ ಶೇಕಡಾ ಅಂದರೆ ನೂರು. ಕೊನೆಗೆ ಅಂಟಿಕೊಂಡ ‘ಐಲ್’ ಬಂದದ್ದು ‘ಕ್ವಾರ್ಟೈಲ್’ ಮಾದರಿಯಲ್ಲಿ. ಕ್ವಾರ್ಟೈಲ್ ತುಂಬಾ ಹಳೆಯ ಪದ. ಆಕಾಶದಲ್ಲಿ ಎರಡು ಗ್ರಹಗಳ ನಡುವೆ ಕಾಲು ಸುತ್ತು, ಅಂದರೆ 90 ಡಿಗ್ರಿ ಇದ್ದರೆ ಯುರೋಪಿನ ಜ್ಯೋತಿಷಿಗಳು ಹಾಗೆ ಅನ್ನುತ್ತಿದ್ದರು. ಅದು ಸಂಖ್ಯಾಶಾಸ್ತ್ರಕ್ಕೆ ಬಂದು, ಸಾಲಾಗಿ ಜೋಡಿಸಿದ ಅಂಕಿಗಳನ್ನು ನಾಲ್ಕು ಭಾಗ ಮಾಡುವ ಗೆರೆಯಾಯಿತು. ನಾಲ್ಕರ ಬದಲು ನೂರು ಭಾಗ ಮಾಡಿ ‘ಪರ್ಸೆಂಟೈಲ್’ ಎಂದು ಹೆಸರಿಟ್ಟವನು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್, 1885ರಲ್ಲಿ. ಹಿಂದಿನ ವರ್ಷ ಲಂಡನ್ನಿನ ಆರೋಗ್ಯ ಪ್ರದರ್ಶನದಲ್ಲಿ ಒಂದು ಮಳಿಗೆ ಹಾಕಿ, ಬಂದವರ ಎತ್ತರ, ಕೈಹಿಡಿತದ ಬಲ, ಉಸಿರಿನ ಶಕ್ತಿ, ಕಣ್ಣಿನ ದೃಷ್ಟಿ ಎಲ್ಲ ಅಳೆದಿದ್ದ. ಆ ರಾಶಿ ಅಂಕಿಗಳನ್ನು ಜೋಡಿಸಲು ಹೋದಾಗ ಈ ಪದ ಬೇಕಾಯಿತು. ಜನರನ್ನು ಹೀಗೆ ಸಾಲಲ್ಲಿ ನಿಲ್ಲಿಸುವ ಹುಚ್ಚು ಆತನನ್ನು ಕೆಟ್ಟ ದಾರಿಗೂ ಎಳೆಯಿತು. ‘ಒಳ್ಳೆಯ ತಳಿ’ಯ ಮನುಷ್ಯರನ್ನಷ್ಟೇ ಬೆಳೆಸಬೇಕು ಎಂಬ ವಾದಕ್ಕೆ ಇಟ್ಟ ‘ಯುಜೆನಿಕ್ಸ್’ ಎಂಬ ಹೆಸರೂ ಆತನದೇ.

ಮೆಡಿಕಲ್ ಕನಸಿನ ಮಕ್ಕಳಿಗೆ ಇನ್ನೊಂದು ವಿಷಯ ಹೇಳಲೇಬೇಕು. ಈ ಗಾಲ್ಟನ್ ಕೂಡ ಮೆಡಿಕಲ್ ವಿದ್ಯಾರ್ಥಿ. ಬರ್ಮಿಂಗ್‌ಹ್ಯಾಂ ಆಸ್ಪತ್ರೆಯಲ್ಲಿ ಕಲಿತ, ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಕಲಿತ. ಮಧ್ಯೆ ಗಣಿತ ಓದಲು ಕೇಂಬ್ರಿಜ್‌ಗೆ ಹೋದ. ಅಲ್ಲಿ ಓದಿನ ಒತ್ತಡಕ್ಕೆ ಆರೋಗ್ಯ ಕುಸಿದು, ಆನರ್ಸ್ ಪರೀಕ್ಷೆ ಕೈಬಿಟ್ಟು ಸಾದಾ ಡಿಗ್ರಿ ತೆಗೆದುಕೊಂಡ. 1844ರಲ್ಲಿ ಅಪ್ಪ ತೀರಿಕೊಂಡು ಆಸ್ತಿ ಕೈಗೆ ಬಂದ ಮೇಲೆ ಮೆಡಿಕಲ್ಲನ್ನೂ ಬಿಟ್ಟ. ಪರೀಕ್ಷೆಯ ಭಯ ಅಂದರೆ ಏನು ಅಂತ ಚೆನ್ನಾಗಿ ಗೊತ್ತಿದ್ದವನೇ ಈ ಪದ ಮಾಡಿದ್ದು!

ಸರಿ, ನೀಟ್‌ಗೆ ಬರೋಣ. 50ನೇ ಪರ್ಸೆಂಟೈಲ್ ಒಂದು ನಿಂತ ಗೋಡೆ ಅಲ್ಲ, ವರ್ಷ ವರ್ಷ ಜಾಗ ಬದಲಿಸುತ್ತದೆ. 2022ರಲ್ಲಿ ಅದು 117 ಅಂಕ. 2023ರಲ್ಲಿ 137. 2024ರಲ್ಲಿ ಪರಿಷ್ಕೃತ ಫಲಿತಾಂಶದ ಪ್ರಕಾರ 162. 2025ರಲ್ಲಿ ಪೇಪರ್ ಕಷ್ಟ ಬಂತು, ಮತ್ತೆ 144ಕ್ಕೆ ಇಳಿಯಿತು. ಆ ವರ್ಷ ದೇಶಕ್ಕೇ ಮೊದಲು ಬಂದವರ ಅಂಕ 686. ಹಿಂದಿನ ವರ್ಷ 720ಕ್ಕೆ 720 ತೆಗೆದವರೇ ಹಲವರಿದ್ದರು. ಹಾಗಾಗಿ ‘ಅಕ್ಕನಿಗೆ ಇಷ್ಟು ಬಂದಿತ್ತು, ನನಗೆ ಅದಕ್ಕಿಂತ ಕಡಿಮೆ’ ಅಂತ ಎರಡು ವರ್ಷಗಳ ಅಂಕವನ್ನು ಅಕ್ಕಪಕ್ಕ ಇಟ್ಟು ಅಳುವುದರಲ್ಲಿ ಅರ್ಥವೇ ಇಲ್ಲ. ಪೇಪರ್ ಕಷ್ಟ ಬಂದರೆ ಎಲ್ಲರಿಗೂ ಕಷ್ಟ. ಪರೀಕ್ಷಾ ಕೊಠಡಿಯಿಂದ ಹೊರಗೆ ಬಂದ ತಕ್ಷಣ ‘ಎಲ್ಲ ಹಾಳಾಯ್ತು’ ಅನ್ನುವವರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.

ಇನ್ನೊಂದು ತಮಾಷೆ. ಮೊದಲ ರ್‍ಯಾಂಕ್‌ನವರಿಗೆ 100 ಪರ್ಸೆಂಟೈಲ್ ಇರಬೇಕಲ್ವಾ? 2025ರಲ್ಲಿ ಕೊಟ್ಟಿದ್ದು 99.9999547. ಬರೆದ 22 ಲಕ್ಷಕ್ಕೂ ಹೆಚ್ಚು ಜನರಲ್ಲಿ ತನಗಿಂತ ತಾನೇ ಕಡಿಮೆ ತೆಗೆಯಲು ಆಗುವುದಿಲ್ಲ, ಆ ಒಬ್ಬರ ಪಾಲು ಕಳೆದಿದ್ದಾರೆ. ಎಂಜಿನಿಯರಿಂಗ್ ಪ್ರವೇಶದ ಜೆಇಇ ಮೇನ್‌ನಲ್ಲಿ ಸಮ ಅಂಕದವರನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ, ಅಲ್ಲಿ 100 ಸಿಗುತ್ತದೆ.

‘ಸೊನ್ನೆ ಪರ್ಸೆಂಟೈಲ್’ ಕಥೆ ಇನ್ನೂ ಚೆಂದ. 2023ರಲ್ಲಿ ನೀಟ್ ಪಿಜಿ, ಅಂದರೆ ಎಂಬಿಬಿಎಸ್ ಮುಗಿಸಿದವರು ಬರೆಯುವ ಪರೀಕ್ಷೆಯ ಅರ್ಹತೆಯನ್ನು ಸೊನ್ನೆ ಪರ್ಸೆಂಟೈಲ್‌ಗೆ ಇಳಿಸಿದಾಗ ‘ಸೊನ್ನೆ ಅಂಕಕ್ಕೂ ಸೀಟು’ ಎಂದು ಗದ್ದಲವಾಯಿತು. ಸೊನ್ನೆ ಪರ್ಸೆಂಟೈಲ್ ಅಂದರೆ ಸೊನ್ನೆ ಅಂಕ ಅಲ್ಲ. ಬರೆದವರೆಲ್ಲರೂ ಕೌನ್ಸೆಲಿಂಗ್‌ಗೆ ಬರಬಹುದು ಎಂದರ್ಥ, ಮೈನಸ್ ಅಂಕದವರೂ ಸೇರಿ. ಅದು ಸರಿಯೋ ತಪ್ಪೋ ಬೇರೆ ಜಗಳ. ಜಗಳವನ್ನಾದರೂ ಸರಿಯಾದ ಅರ್ಥ ಇಟ್ಟುಕೊಂಡು ಆಡಬಹುದಿತ್ತು.

ಹಾಗಂತ ಸುಮ್ನೆ ಸಮಾಧಾನ ಹೇಳುವುದೂ ತಪ್ಪಾಗುತ್ತದೆ. 50ನೇ ಪರ್ಸೆಂಟೈಲ್ ದಾಟಿದರೆ ಅರ್ಹತೆ ಅಷ್ಟೇ, ಸೀಟಲ್ಲ. ‘98 ಬಂದಿದೆ, ಇನ್ನೇನು’ ಎಂದು ಮನೆಯವರು ಸಿಹಿ ಹಂಚುವ ಮೊದಲು ಉಳಿದ ಎರಡನ್ನು ಬಿಡಿಸಿ ನೋಡಬೇಕು. 22 ಲಕ್ಷದಲ್ಲಿ ಶೇ. 2 ಅಂದರೆ 44 ಸಾವಿರ ಜನ. ಅಷ್ಟು ಜನ ಮುಂದಿದ್ದಾರೆ. ಗಾಬರಿಯಾಗಬೇಡಿ, ಅವರಲ್ಲಿ ಹೆಚ್ಚಿನವರು ಬೇರೆ ರಾಜ್ಯದವರು. ನಮ್ಮ ಸರ್ಕಾರಿ ಕಾಲೇಜುಗಳ ಶೇ. 15 ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ, ಉಳಿದ ಶೇ. 85ಕ್ಕೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪಟ್ಟಿಯಲ್ಲಿ ನೀವು ಎಲ್ಲಿದ್ದೀರಿ ಅನ್ನುವುದೇ ಮುಖ್ಯ. ಅಲ್ಲಿ ನೋಡಬೇಕಾಗಿದ್ದು ನಿಮ್ಮ ರ್‍ಯಾಂಕ್ ಮತ್ತು ಹಿಂದಿನ ವರ್ಷ ನಿಮ್ಮ ಕೆಟಗರಿಯಲ್ಲಿ ಸೀಟು ನಿಂತ ಕೊನೆಯ ರ್‍ಯಾಂಕ್. ಪರ್ಸೆಂಟೈಲ್ ಕೆಲಸ ಬಾಗಿಲಲ್ಲೇ ಮುಗಿದಿರುತ್ತದೆ.

ಕೊನೆಗೆ ಕೋಚಿಂಗ್ ಸೆಂಟರಿನ ಪರ್ಸೆಂಟೈಲ್. ಮಕ್ಕಳು ನಿದ್ದೆಗೆಡುವುದು ಇದಕ್ಕೇ ಜಾಸ್ತಿ. ವಾರದ ಟೆಸ್ಟಲ್ಲಿ 40 ಪರ್ಸೆಂಟೈಲ್ ಬಂತು ಅಂತ ಊಟ ಬಿಟ್ಟವರಿದ್ದಾರೆ. 60 ಜನರ ಬ್ಯಾಚಿನಲ್ಲಿ 40 ಅಂದರೆ 24 ಜನ ನಿಮಗಿಂತ ಕೆಳಗಿದ್ದಾರೆ, ಅಷ್ಟೇ. ಆ ಬ್ಯಾಚೇ ಆರಿಸಿ ತೆಗೆದ ಬ್ಯಾಚಾಗಿದ್ದರೆ, ದೇಶದ ಲೆಕ್ಕದಲ್ಲಿ ನಿಮ್ಮ ಜಾಗ ಎಷ್ಟೋ ಮೇಲೆ ಇರಬಹುದು. ಬ್ಯಾಚು ಸಡಿಲವಾಗಿದ್ದರೆ 90 ಬಂದರೂ ಹಿಗ್ಗುವ ಹಾಗಿಲ್ಲ. ಮುಂದಿನ ಸಲ ಯಾರಾದರೂ ನಿಮ್ಮ ಕೈಗೆ ಒಂದು ಪರ್ಸೆಂಟೈಲ್ ಕೊಟ್ಟರೆ, ಅಳುವ ಮೊದಲು ‘ಎಷ್ಟು ಜನ ಬರೆದಿದ್ದರು, ಯಾರು ಯಾರು?’ ಎಂದು ಕೇಳಿ. ಅದನ್ನು ಹೇಳದೆ ಬರೀ ಅಂಕಿ ಕೊಟ್ಟರೆ ವಾಪಸ್ ಕೊಡಿ, ಅಂಕ ಕೊಡಿ ಅನ್ನಿ.